ಕೊಡೂದು ಹೇಳ್ರಿ

ನಮ್ಮ ಕಡೆ ಒಂದು ವಸ್ತುವಿಗೆ ಎರಡು ಬೆಲೆ. ಒಂದು ಹೇಳೂದು, ಇನ್ನೊಂದು ಕೊಡೂದು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕುಂತ ಹೆಣ್ಣುಮಗಳು ಮೊದಲನೆಯ ಬೆಲೆಗೆ ಮುಖ ಸಹ ಎತ್ತುವುದಿಲ್ಲ. 'ಅದಿರ್ಲಿ, ಕೊಡೂದು ಹೇಳ್ರಿ' ಅನ್ನುತ್ತಾಳೆ. ವ್ಯಾಪಾರ ಶುರುವಾಗುವುದು ಅಲ್ಲಿಂದ. ಅಂಗಡಿಯವನು ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತುಬಿಡುತ್ತಾನೆ. 'ಇದರ ಕೆಳಗ ಅಸಲ ಹುಟ್ಟಂಗಿಲ್ರೀ ಅಕ್ಕಾರ' ಎಂದು ಸೀರೆ ಮಡಚತೊಡಗುತ್ತಾನೆ. ಆ ಮಾತು ಎಷ್ಟು ನಿಜವೆಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆದರೂ ಅಸಲು ಎಂಬುದೊಂದು ಗೆರೆ ಇದೆ, ಅದರ ಕೆಳಗೆ ಯಾರೂ ಬೇಕೆಂದು ಇಳಿಯುವುದಿಲ್ಲ ಎನ್ನುವ ನಂಬಿಕೆಯ ಮೇಲೆ ಚೌಕಾಶಿ ನಡೆಯುತ್ತದೆ.

ನನ್ನ ಪಿಎಚ್.ಡಿ. ನಿಂತಿರುವುದು ಆ ಗೆರೆಯ ಮೇಲೆ. ಚಿಲ್ಲರೆ ವ್ಯಾಪಾರದಲ್ಲಿ ಅಸಲಿಗಿಂತ ಕೆಳಗೆ ಮಾರಿ ಎದುರಿನವನ ಅಂಗಡಿ ಏಳಿಸುವುದನ್ನು ನಮ್ಮ ಕಾನೂನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದು ವಿಷಯ. ಕ್ಷೇತ್ರಕಾರ್ಯಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಸಿನಾಪ್ಸಿಸ್ ಮಂಡಿಸಿದ ದಿನ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ತೆಗೆದು ಕೇಳಿದ್ದರು: 'ತುಟ್ಟಿ ಮಾರೂದು ತಪ್ಪು, ಒಪ್ಪಿದೆ. ತಗ್ಗಿಸಿ ಮಾರೂದು ಹೆಂಗ ತಪ್ಪಾಗತೈತಿ?' ನಗೆಯಾಡಲು ಕೇಳಿದ್ದಲ್ಲ. ಈ ವಿಷಯದಲ್ಲಿ ಅದಕ್ಕಿಂತ ಗಟ್ಟಿಯಾದ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.

ಯಾಕೆಂದರೆ ಅಸಲಿಗಿಂತ ಕೆಳಗೆ ಮಾರುವುದು ಬಹಳ ಸಲ ನಿರಪರಾಧಿ ಕೆಲಸ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬಂದವರಿಗೆ ಇದು ಗೊತ್ತಿರುತ್ತದೆ. ಬನದ ಹುಣ್ಣಿಮೆಯ ತೇರಿನ ನಂತರವೂ ವಾರಗಟ್ಟಲೆ ಅಂಗಡಿ, ನಾಟಕದ ಟೆಂಟು, ತೊಟ್ಟಿಲು ನಿಂತಿರುತ್ತವೆ. ಕೊನೆಯ ದಿನಗಳಲ್ಲಿ ಬಳೆಯವರು, ಬಟ್ಟೆಯವರು, ಸ್ಟೀಲ್ ಡಬ್ಬಿಯವರು ಬಂದ ರೇಟಿಗೆ ಕೈಬಿಡುತ್ತಾರೆ. ವಾಪಸ್ ಒಯ್ಯುವ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಸಂಜೆಯ ಹೊತ್ತಿಗೆ ಮೆಂತೆಪಲ್ಲೆ ಮಾರುವ ಅಜ್ಜಿಯೂ ಅಸಲು ನೋಡುವುದಿಲ್ಲ. ಇವರನ್ನೆಲ್ಲ ಹಿಡಿಯುವ ಕಾನೂನು ಕಾನೂನೇ ಅಲ್ಲ. ಫ್ರಾನ್ಸಿನಲ್ಲಿ ನಷ್ಟಕ್ಕೆ ಮರುಮಾರಾಟ ಮಾಡುವುದನ್ನು 1963ರಿಂದ ನಿಷೇಧಿಸಿದ್ದಾರೆ. ಆದರೆ ಅವರೂ ವರ್ಷಕ್ಕೆರಡು ಸಲ, ಚಳಿಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ, ತಾರೀಖು ಗೊತ್ತುಮಾಡಿ ಉಳಿದ ಮಾಲನ್ನು ನಷ್ಟಕ್ಕೆ ಮಾರಲು ಬಿಡುತ್ತಾರೆ. ಓದಿದಾಗ ನನಗನ್ನಿಸಿದ್ದು, ಅಲ್ಲಿ ಜಾತ್ರೆಯ ದಿನ ಗೊತ್ತುಮಾಡುವುದು ಪಂಚಾಂಗವಲ್ಲ, ಸರ್ಕಾರ.

ಹಾಗಾದರೆ ತಪ್ಪಾಗುವುದು ಯಾವಾಗ? ಇದನ್ನು ಹೇಳಲು ನನಗೆ ಸಕ್ಕರೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನಮ್ಮದು ಕಬ್ಬಿನ ಜಿಲ್ಲೆ. ಮುಧೋಳ, ಜಮಖಂಡಿಯ ಕಡೆ ಹೋದರೆ ಹಂಗಾಮಿನಲ್ಲಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ರೈತ ಕಾರ್ಖಾನೆಗೆ ಹಾಕುವ ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ಎಫ್‌ಆರ್‌ಪಿ ನಿಗದಿಮಾಡುತ್ತದೆ. ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಸಾಲುವುದಿಲ್ಲವೆಂದು ರೈತರು ಹೋರಾಡುತ್ತಾರೆ, ಅದು ಬೇರೆ ಮಾತು. ಅಂತೂ ಕೆಳಗೊಂದು ತಳವಿದೆ. ಕಬ್ಬು ಸಕ್ಕರೆಯಾಗಿ ಕಾರ್ಖಾನೆಯ ಗೇಟಿಗೆ ಬರುತ್ತದೆ. ಅಲ್ಲೂ ತಳವಿದೆ. 2018ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಬೆಲೆ ನಿಯಂತ್ರಣ ಆದೇಶ ಹೊರಡಿಸಿ, ಕಾರ್ಖಾನೆಗಳು ಕಿಲೋಗೆ 29 ರೂಪಾಯಿಗಿಂತ ಕಡಿಮೆಗೆ ಮಾರಬಾರದೆಂದಿತು. 2019ರ ಫೆಬ್ರುವರಿಯಲ್ಲಿ ಅದು 31 ಆಯಿತು. ಸಕ್ಕರೆ ಬೆಲೆ ಕುಸಿದರೆ ಕಾರ್ಖಾನೆ ರೈತನ ಬಾಕಿ ಉಳಿಸಿಕೊಳ್ಳುತ್ತದೆ ಎಂಬುದು ಕಾರಣ.

ಗೇಟು ದಾಟಿದ ಸಕ್ಕರೆ ಲಾರಿ ಹತ್ತಿ ಬಾಗಲಕೋಟೆಯ ಹೋಲ್‌ಸೇಲ್ ಅಂಗಡಿಗೆ, ಅಲ್ಲಿಂದ ಟಂಟಂ ಏರಿ ಹುನಗುಂದದ ಕಿರಾಣಿ ಅಂಗಡಿಗೆ ಬರುತ್ತದೆ. ಇಲ್ಲಿಗೆ ಬಂದ ಮೇಲೆ ತಳವಿಲ್ಲ. ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸಿದ್ದರೆ ಅದನ್ನು ಮೀರಿ ಮಾರಿದವನಿಗೆ ದಂಡ. ಕೆಳಗೆ ಎಷ್ಟಾದರೂ ಇಳಿಯಬಹುದು. ಹೊಲದಲ್ಲಿ ಒಂದು, ಗೇಟಿನಲ್ಲಿ ಒಂದು, ಎರಡು ತಳ ಕಂಡ ಸಕ್ಕರೆ ಕೊನೆಯ ತಕ್ಕಡಿಗೆ ಬರುವಾಗ ಬರೀ ಛತ್ತು ಉಳಿದ ಮನೆಯೊಳಗೆ ಬಂದಿರುತ್ತದೆ.

ಆ ಹುನಗುಂದದ ಕಿರಾಣಿ ಅಂಗಡಿ ನಮ್ಮ ಕಾಕಾನದು.

ಹನ್ನೆರಡು ಅಡಿ ಅಗಲದ ಅಂಗಡಿ. ಮುಂದೆ ತಕ್ಕಡಿ, ಹಿಂದೆ ಎಣ್ಣೆ ಡಬ್ಬಿ, ನಡುವೆ ಗಲ್ಲಾ ಹಾಗೂ ಕೆಂಪು ರಟ್ಟಿನ ಉದ್ರಿ ಪುಸ್ತಕ. ಎರಡು ವರ್ಷದ ಹಿಂದೆ ಊರಿಗೆ ಮಾರ್ಟ್ ಬಂತು. ಹೆಸರು ಬೇಡ, ಅಂಥವು ಈಗ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಗಾಜಿನ ಬಾಗಿಲು, ಎಸಿ, ನೀವೇ ತಳ್ಳಿಕೊಂಡು ಹೋಗುವ ಗಾಡಿ. ಮೊದಲ ವಾರವೇ ಹೊರಗೆ ಬ್ಯಾನರ್ ಬಿತ್ತು: ಸಕ್ಕರೆ ಕಿಲೋಗೆ 37. ಕೆಳಗೆ ಸಣ್ಣ ಅಕ್ಷರದಲ್ಲಿ, 999 ರೂಪಾಯಿ ಮೇಲಿನ ಬಿಲ್ಲಿಗೆ ಮಾತ್ರ, ಒಬ್ಬರಿಗೆ 2 ಕಿಲೋ. ಆಗ ಕಾಕಾನಿಗೆ ಬಾಡಿಗೆ, ಹಮಾಲಿ ಸೇರಿ ಸಕ್ಕರೆ ಬಿದ್ದಿದ್ದು 40ಕ್ಕೆ. ಮಾರುತ್ತಿದ್ದುದು 42ಕ್ಕೆ.

ಅವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ನಮ್ಮ ಮನೆಗೆ ಬಂದ. 'ತಮ್ಮಾ, ನನಗ ನಾಲ್ವತ್ತಕ್ಕ ಬಿದ್ದದ್ದನ್ನ ಅವ್ರು ಮೂವತ್ತೇಳಕ್ಕ ಹೆಂಗ ಕೊಡ್ತಾರ? ತುಟ್ಟಿ ಮಾರಿದ್ರ ಬಂದು ಹಿಡೀತಾರ. ಹಿಂಗ ಮಾರಿದ್ರ ಕೇಳಾವ್ರು ಯಾರೂ ಇಲ್ಲೇನು? ನೀ ಅದನ್ನ ಓದಾಕತ್ತೀಯಲ್ಲ, ಹೇಳು ನೋಡೂಣು.'

ಕೇಳುವವರಿದ್ದಾರೆ, ದಿಲ್ಲಿಯಲ್ಲಿ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ಇದನ್ನು ನೇರವಾಗಿ ಹೆಸರಿಸುತ್ತದೆ. ಉತ್ಪಾದನಾ ವೆಚ್ಚಕ್ಕಿಂತ ಕೆಳಗೆ, ಸ್ಪರ್ಧೆಯನ್ನು ತಗ್ಗಿಸುವ ಅಥವಾ ಸ್ಪರ್ಧಿಗಳನ್ನು ಇಲ್ಲವಾಗಿಸುವ ಉದ್ದೇಶದಿಂದ ಮಾರುವುದು ನಿಷಿದ್ಧ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರಿಡೇಟರಿ ಪ್ರೈಸಿಂಗ್ ಅನ್ನುತ್ತಾರೆ. ಕನ್ನಡದಲ್ಲಿ 'ಪರಭಕ್ಷಕ ಬೆಲೆ' ಎಂದು ಬರೆದುಕೊಂಡು ಓಡಾಡುತ್ತಿದ್ದೆ. ಕಾಕಾ ಅದನ್ನು ಕೇಳಿ, 'ಅಂಗಡಿ ಏಳಸೂ ರೇಟ್ ಅನ್ನು' ಅಂದ. ಪ್ರಬಂಧದಲ್ಲಿ ಅದನ್ನು ಬಳಸಲು ಬಿಡುತ್ತಾರೋ ಇಲ್ಲವೋ, ನನ್ನ ಟಿಪ್ಪಣಿಗಳಲ್ಲಂತೂ ಅದೇ ಇದೆ.

ಆದರೆ ಆ ಕಲಮಿನ ಬಾಗಿಲಲ್ಲೇ ಒಂದು ಹೊಸ್ತಿಲಿದೆ. ಹಾಗೆ ಮಾರುವವನು 'ಪ್ರಬಲ ಸ್ಥಾನ'ದಲ್ಲಿರಬೇಕು. ಇಡೀ ಸಂಬಂಧಿತ ಮಾರುಕಟ್ಟೆಯಲ್ಲಿ ಇತರರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಡೆಯುವಷ್ಟು ಬಲ ಅವನಿಗಿರಬೇಕು. ಹುನಗುಂದದಲ್ಲಿ ಇನ್ನೂ ಹತ್ತಾರು ಕಿರಾಣಿ ಅಂಗಡಿಗಳಿವೆ, ಮಂಗಳವಾರವೋ ಶನಿವಾರವೋ ಒಂದಲ್ಲ ಒಂದೂರಲ್ಲಿ ಸಂತೆಯಿದೆ. ಮಾರ್ಟ್ ಪ್ರಬಲವಲ್ಲ. ಪ್ರಬಲವಾಗುವುದು ಈ ಅಂಗಡಿಗಳು ಎದ್ದ ಮೇಲೆ. ಆಗ ಅದು ರೇಟು ಏರಿಸಿದರೆ ದೂರು ಕೊಡಬಹುದು, ಕೊಡುವ ಅಂಗಡಿಯವ ಉಳಿದಿದ್ದರೆ.

ಇನ್ನೊಂದು ತೊಡಕು ಅಸಲಿನದು. ಕಾಕಾನ ಅಸಲು ಮಾರ್ಟಿನ ಅಸಲಲ್ಲ. ಕಾನೂನು ನೋಡುವುದು ಮಾರುವವನ ಖರ್ಚನ್ನು, ಎದುರಿನವನ ಖರ್ಚನ್ನಲ್ಲ. ಅದರಲ್ಲೂ ಆಯೋಗದ ನಿಯಮಗಳು ಸಾಮಾನ್ಯವಾಗಿ ಹಿಡಿಯುವುದು ಸರಾಸರಿ ಬದಲಾಗುವ ವೆಚ್ಚವನ್ನು. 2009ರ ನಿಯಮಗಳ ಜಾಗಕ್ಕೆ 2025ರಲ್ಲಿ ಹೊಸವು ಬಂದರೂ ಮೂಲ ಅಳತೆ ಅದೇ. ಅಂದರೆ ಕಟ್ಟಡದ ಬಾಡಿಗೆ, ಗಾಜಿನ ಬಾಗಿಲು, ಎಸಿ ಯಂತ್ರ ಲೆಕ್ಕಕ್ಕಿಲ್ಲ. ಮಾರಿದ ಮಾಲಿನ ಜೊತೆ ಏರಿಳಿಯುವ ಖರ್ಚು ಮಾತ್ರ. ಹತ್ತಾರು ಊರಿನ ಮಳಿಗೆಗಳಿಗೆ ಒಟ್ಟಿಗೆ ಲಾರಿಗಟ್ಟಲೆ ಕಾರ್ಖಾನೆಯಿಂದಲೇ ಎತ್ತುವವನಿಗೆ ಸಕ್ಕರೆ 36ಕ್ಕೆ ಬಿದ್ದಿದ್ದರೆ, 37 ಎಂಬುದು ಅವನಿಗೆ ಲಾಭದ ರೇಟು. ಇದನ್ನು ಕಾಕಾನಿಗೆ ಹೇಳುವಾಗ ನನಗೆ ಹಿತವೆನಿಸಲಿಲ್ಲ. ಆದರೂ ಹೇಳಿದೆ. 'ಹಂಗಂದ್ರ ಅವ್ರು ಶ್ಯಾಣ್ಯಾರು, ನಾ ದಡ್ಡ, ಅಷ್ಟ ಹೌದಿಲ್ಲೋ?' ಅಂದ. ದಡ್ಡತನದ ಮಾತಲ್ಲ ಕಾಕಾ, ದೊಡ್ಡತನದ ಮಾತು ಅಂದೆ. ಅವನಿಗೆ ಸಮಾಧಾನವಾಗಲಿಲ್ಲ.

ಇಷ್ಟು ಹೊತ್ತು ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಾರ್ಟಿನ ಚೀಲ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗಿತ್ತು. ಕಾಕಾ ಬರುವ ಸದ್ದಾದಾಗ ಅದರ ಮೇಲೆ ಟವೆಲ್ ಹಾಕಿದ್ದನ್ನು ನಾನು ನೋಡಿದ್ದೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನ ಅವ್ವ ಓಣಿಯ ಹೆಂಗಸರ ಜೊತೆ ಅಲ್ಲಿಗೆ ಹೋಗುತ್ತಾಳೆ. ಕಾಕಾ ಹೋದ ಮೇಲೆ ಕೇಳಿದರೆ, 'ಎಣ್ಣಿಯಾಗ ಹತ್ತು, ಸಕ್ಕರಿಯಾಗ ಹತ್ತು ಉಳದ್ರ ನನಗ ಉಳೀತು. ಅಂವಾ ಕಷ್ಟದಾಗ ಉದ್ರಿ ಕೊಟ್ಟಾನ, ಇಲ್ಲಂದ್ರ ನಾಲಿಗಿ ಬಿದ್ದೀತು. ಆದ್ರ ರೊಕ್ಕ ಕೈಯಾಗ ಇದ್ದಾಗ ಯಾಕ ಹೆಚ್ಚಿಗಿ ಕೊಡಬೇಕು?' ಅಂದಳು.

ಕಾಯ್ದೆಯ ಪೀಠಿಕೆಯಲ್ಲಿ ಗ್ರಾಹಕರ ಹಿತ ಕಾಪಾಡುವುದು ಎಂಬ ಮಾತಿದೆ. ಆ ಗ್ರಾಹಕಿ ನಮ್ಮವ್ವ. ಗ್ರಂಥಾಲಯದಲ್ಲಿ ಕುಳಿತು ಓದಿದಾಗ ಸ್ಪರ್ಧೆಯನ್ನು ಕಾಪಾಡಬೇಕು, ಸ್ಪರ್ಧಿಯನ್ನಲ್ಲ ಎಂಬ ತತ್ವ ಬಹಳ ಸ್ವಚ್ಛವಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಅದರ ಒಂದು ತುದಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿತ್ತು, ಇನ್ನೊಂದು ತುದಿ ಒಳಗೆ ರೊಟ್ಟಿ ಬೇಯಿಸುತ್ತಿತ್ತು.

ಪ್ರಬಲನೆಂಬ ಹೊಸ್ತಿಲು ದೊಡ್ಡ ದೊಡ್ಡವರನ್ನೇ ಎಡವಿಸಿದೆ. 2016ರಲ್ಲಿ ಜಿಯೋ ಬಂದಾಗ ಬಾಗಲಕೋಟೆಯ ನವನಗರದಲ್ಲಿ ಸಿಮ್ಮಿಗಾಗಿ ನಿಂತ ಸಾಲಿನಲ್ಲಿ ನಾನೂ ಇದ್ದೆ. ತಿಂಗಳುಗಟ್ಟಲೆ ಪುಕ್ಕಟೆ. ಏರ್‌ಟೆಲ್ ಆಯೋಗಕ್ಕೆ ದೂರು ಕೊಟ್ಟಿತು. 2017ರ ಜೂನ್‌ನಲ್ಲಿ ಆಯೋಗ ಅದನ್ನು ತಳ್ಳಿಹಾಕಿತು: ಜಿಯೋ ಹೊಸದಾಗಿ ಬಂದದ್ದು, ಪ್ರಬಲವಲ್ಲ. ಊಬರ್ ವಿರುದ್ಧ ಮೇರು ಕ್ಯಾಬ್ ಕಂಪನಿ ಹೋದಾಗ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಬೇರೆ ಮಾತು ಹೇಳಿತು. ಪ್ರತಿ ಟ್ರಿಪ್ಪಿಗೆ 204 ರೂಪಾಯಿ ನಷ್ಟ ಮಾಡಿಕೊಂಡು ಓಡಿಸುತ್ತಿದ್ದರೆ ಅದಕ್ಕೆ ಸ್ಪರ್ಧಿಗಳನ್ನು ಹೊರಗಟ್ಟುವುದನ್ನು ಬಿಟ್ಟು ಬೇರೆ ಅರ್ಥ ಕಾಣುವುದಿಲ್ಲ, ತನಿಖೆ ನಡೆಯಲಿ ಎಂಬ ಧಾಟಿ ಅದರದು. ಓದಿ ನನಗೆ ಹುಮ್ಮಸ್ಸು ಬಂದಿತ್ತು. ತನಿಖೆ ನಡೆಯಿತು. 2021ರಲ್ಲಿ ಆಯೋಗ ಮತ್ತೆ ಅದೇ ಹೊಸ್ತಿಲಿಗೆ ಬಂದು, ಪ್ರಾಬಲ್ಯ ಸಾಬೀತಾಗಿಲ್ಲವೆಂದು ಕಡತ ಮುಚ್ಚಿತು.

ಆನ್‌ಲೈನ್ ಅಂಗಡಿಗಳ ಮೇಲೆ ದಿಲ್ಲಿಯ ವ್ಯಾಪಾರಿಗಳ ಮಹಾಸಂಘ ಕೊಟ್ಟ ದೂರು ಇದಕ್ಕಿಂತ ಜಾಣತನದ್ದು. ಪ್ರಾಬಲ್ಯದ ಬಾಗಿಲು ಬಿಟ್ಟು ಒಪ್ಪಂದಗಳ ಬಾಗಿಲಿಂದ, ಅಂದರೆ 3ನೇ ಕಲಮಿನಿಂದ, ಒಳಗೆ ಹೋಯಿತು. ಕೆಲವೇ ಮಾರಾಟಗಾರರಿಗೆ ಮಣೆ, ಭಾರಿ ರಿಯಾಯಿತಿ ಎಂಬುದು ಆರೋಪ. 2020ರ ಜನವರಿಯಲ್ಲಿ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು; ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದವು, ಮೊದಲು ತಡೆ ಸಿಕ್ಕಿತು, 2021ರಲ್ಲಿ ಅರ್ಜಿಯೂ ಮೇಲ್ಮನವಿಯೂ ವಜಾ ಆದವು. ಅದಕ್ಕೂ ಮುಂಚೆ ಕೇಂದ್ರ ಸರ್ಕಾರ 2019ರ ಫೆಬ್ರುವರಿಯಿಂದ, ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ಮಾಲಿನ ಬೆಲೆಯ ಮೇಲೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಪ್ರಭಾವ ಬೀರಬಾರದೆಂದು ನಿಯಮ ಮಾಡಿತ್ತು. ಹುನಗುಂದದ ಮಾರ್ಟಿನಲ್ಲಿ ವಿದೇಶಿ ಬಂಡವಾಳವಿಲ್ಲ. ಅದು ನಮ್ಮವರದೇ.

ನಾನು ಓದಿದ್ದರಲ್ಲಿ ಕಾಕಾನ ಪ್ರಶ್ನೆಗೆ ಹತ್ತಿರ ಬಂದದ್ದು ಜರ್ಮನಿಯ ಕಾನೂನು. ಅಲ್ಲಿ ಇಡೀ ಮಾರುಕಟ್ಟೆಯಲ್ಲಿ ಪ್ರಬಲನಾಗಿರಬೇಕಿಲ್ಲ. ಸಣ್ಣ, ಮಧ್ಯಮ ಗಾತ್ರದ ಸ್ಪರ್ಧಿಗಳಿಗೆ ಹೋಲಿಸಿದರೆ ಹೆಚ್ಚು ಬಲವಿದ್ದರೆ ಸಾಕು. ಅಂಥವನು ಸರಿಯಾದ ಕಾರಣವಿಲ್ಲದೆ, ಅಪರೂಪಕ್ಕೊಮ್ಮೆ ಎಂಬಂತಲ್ಲದೆ, ಕೊಂಡ ಬೆಲೆಗಿಂತ ಕೆಳಗೆ ಮಾರಬಾರದು. ಜಾತ್ರೆಯ ಕೊನೆಯ ದಿನದ ಬಳೆಯವರೂ ಸಂಜೆಯ ಮೆಂತೆಪಲ್ಲೆಯವರೂ ಈ ಮಾತಿನಿಂದ ತಾವಾಗಿಯೇ ಪಾರಾಗುತ್ತಾರೆ. 2000ದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಕಚೇರಿ ವಾಲ್‌ಮಾರ್ಟ್, ಆಲ್ಡಿ, ಲಿಡ್ಲ್ ಮೂವರಿಗೂ ಹಾಲು, ಬೆಣ್ಣೆ, ಹಿಟ್ಟು, ಸಕ್ಕರೆಯಂಥ ದಿನಬಳಕೆಯ ಮಾಲನ್ನು ಅಸಲಿಗಿಂತ ಕೆಳಗೆ ಮಾರುವುದನ್ನು ನಿಲ್ಲಿಸಲು ಹೇಳಿತು. ಜಗಳ ಕೋರ್ಟು ಹತ್ತಿತು, 2002ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಬಹುಮಟ್ಟಿಗೆ ಕಚೇರಿಯ ಪರ ನಿಂತಿತು.

ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದು ನನಗನ್ನಿಸುವುದಿಲ್ಲ. ಪ್ರಾಬಲ್ಯ ಅಳೆಯಲು ನಮ್ಮ ಕಾಯ್ದೆಯ 19(4)ನೇ ಕಲಮು ಕೊಡುವ ಪಟ್ಟಿಯಲ್ಲಿ ಮಾರುಕಟ್ಟೆಯ ಪಾಲಿನ ಜೊತೆಗೇ ಸಂಸ್ಥೆಯ ಗಾತ್ರ ಮತ್ತು ಸಂಪನ್ಮೂಲ, ಸ್ಪರ್ಧಿಗಳ ಗಾತ್ರ ಮತ್ತು ಮಹತ್ವ ಎಂಬ ಮಾತುಗಳಿವೆ. ಹುನಗುಂದವನ್ನೇ ಒಂದು ಮಾರುಕಟ್ಟೆಯೆಂದು ಹಿಡಿದು, ಒಂದು ಕಡೆ ಹತ್ತಾರು ಊರಿನ ನಷ್ಟವನ್ನು ಹಂಚಿಕೊಳ್ಳಬಲ್ಲ ಮಾರ್ಟನ್ನೂ ಇನ್ನೊಂದು ಕಡೆ ಹನ್ನೆರಡಡಿಯ ಅಂಗಡಿಯನ್ನೂ ಇಟ್ಟು ತೂಗಿದರೆ, ಕಲಮು ಈಗಿರುವಂತೆಯೇ ಬೇರೆ ಉತ್ತರ ಕೊಟ್ಟೀತು. ತೂಗುವ ಮನಸ್ಸು ಬೇಕು. ಇದು ನನ್ನ ಪ್ರಬಂಧದ ಐದನೇ ಅಧ್ಯಾಯ. ಗೈಡ್ ಇನ್ನೂ ಒಪ್ಪಿಲ್ಲ. ಸಣ್ಣ ಅಂಗಡಿಗಳ ಹೆಸರಿನಲ್ಲಿ ಎಲ್ಲರಿಗೂ ತುಟ್ಟಿಯಾದರೆ ಯಾರು ಹೊಣೆ ಎಂದು ಅವರ ವಾದ. ಅವರು ನಮ್ಮವ್ವನ ಕಡೆಯವರು.

ಅಸಲನ್ನು ಕಾಯಲು ಕಾನೂನು ಇನ್ನೊಂದು ದಾರಿಯನ್ನೂ ಹಿಡಿದಿದೆ. ಅದನ್ನು ನೋಡಲು ಹುನಗುಂದದಿಂದ ಬಹಳ ದೂರ ಹೋಗಬೇಕಿಲ್ಲ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಪ್ರತಿ ಸೀರೆಗೂ ಕೈಯಿಂದಲೇ ಆಗಬೇಕಾದ ಕೆಲಸ. ಇಲ್ಲಿ 'ಅಸಲಿಗಿಂತ ಕೆಳಗೆ ಮಾರಬೇಡ' ಎಂದು ಯಾರಿಗೂ ಹೇಳಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ 'ನೀನು ಇದನ್ನು ನೇಯಲೇಬೇಡ' ಎಂದು ವಿದ್ಯುತ್ ಮಗ್ಗಕ್ಕೆ ಹೇಳಿತು. ಮೊದಲು 22 ಬಗೆಯ ಬಟ್ಟೆ ಮೀಸಲಿದ್ದವು, ಆಮೇಲೆ 11ಕ್ಕೆ ಇಳಿದವು. ಸೀರೆ ಇನ್ನೂ ಪಟ್ಟಿಯಲ್ಲಿದೆ. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮೇಲಿಂದ ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಮೀಸಲು ಅನ್ವಯಿಸುವುದು ಯಾವ ನೂಲು, ಯಾವ ಬಗೆಯ ಅಂಚು ಎಂಬ ವಿವರಣೆಯೊಳಗೆ ಬಂದದ್ದಕ್ಕೆ ಮಾತ್ರ. ನೂಲು ಬದಲಿಸಿ, ಕೊಂಡಿ ಬಿಟ್ಟು, ಅದೇ ಬಣ್ಣ ಅದೇ ಅಂಚು ತೆಗೆದ ಸೀರೆ ಅಂಗಡಿಯ ಅದೇ ಕಪಾಟಿನಲ್ಲಿ ಕೂರುತ್ತದೆ.

ಗುಂಡಿಮಗ್ಗದ ಮುಂದೆ ಕುಳಿತ ಹಿರಿಯ ನೇಕಾರರೊಬ್ಬರನ್ನು, ಆ ಸೀರೆ ಅಗ್ಗವಾಗಿ ಬರುವುದಕ್ಕೆ ಸಿಟ್ಟಿಲ್ಲವೇ ಎಂದು ಕೇಳಿದೆ. ಲಾಳಿ ನಿಲ್ಲಿಸದೆ ಹೇಳಿದರು: 'ಅದು ಅಗ್ಗ ಐತಿ ಅಂತ ನನಗ ಸಿಟ್ಟಿಲ್ರೀ ಸರ. ಅದರ ರೇಟ್ ಹಿಡಕೊಂಡು ಬಂದು ನಂದಕ್ಕ ಕೊಡೂದು ಹೇಳ್ರಿ ಅಂತಾರಲ್ಲ, ಅದಕ್ಕ ಸಿಟ್ಟು.' ನನ್ನ ಕೈ ಹಿಡಿದು ಸೆರಗು ಮೈಯಿಗೆ ಸೇರುವ ಕಡೆ ಬೆರಳಾಡಿಸಿದರು. ಕೊಂಡಿಗಳ ಸಾಲು ಸಣ್ಣಗೆ ತಾಗಿತು. ಒಬ್ಬನ ಅಸಲಿನಿಂದ ಇನ್ನೊಬ್ಬನ ಬೆಲೆ ಅಳೆಯುವುದೇ ಕಾಕಾನ ದೂರೂ ಆಗಿತ್ತು. ಈ ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ.

ಕಾಕಾನಿಗೆ ಆಯೋಗಕ್ಕೆ ಅರ್ಜಿ ಬರೆದುಕೊಡಲು ಕೂತಿದ್ದೆ. ವ್ಯಕ್ತಿಯೊಬ್ಬ ಮಾಹಿತಿ ಸಲ್ಲಿಸಲು ಶುಲ್ಕ 5,000 ರೂಪಾಯಿ ಅಂದಾಗ ಅವನು ಮನಸ್ಸಿನಲ್ಲೇ ಭಾಗಿಸಿದ. ಕಿಲೋಗೆ ಎರಡು ರೂಪಾಯಿ ಲಾಭದಂತೆ ಇಪ್ಪತ್ತೈದು ಕ್ವಿಂಟಲ್ ಸಕ್ಕರೆ. 'ಬ್ಯಾಡ ಬಿಡು' ಅಂದ. ಲೆಕ್ಕದಲ್ಲಿ ಅವನೂ ಶ್ಯಾಣ್ಯಾನೇ. ಮಾರ್ಟಿಗೆ ಸಾಧ್ಯವಿಲ್ಲದ್ದು ಯಾವುದೆಂದು ಅವನಿಗೆ ಗೊತ್ತು: ತಿಂಗಳ ಇಪ್ಪತ್ತರ ನಂತರ ಉದ್ರಿ ಬರೆಯುವುದು, ಐದು ರೂಪಾಯಿಯ ಚಹಾಪುಡಿ ಕಟ್ಟಿಕೊಡುವುದು. 42ರೊಳಗೆ ಆ ಬಡ್ಡಿಯೂ ಸೇರಿತ್ತು. ಗಿರಾಕಿಗಳೂ ಅದನ್ನು ಎಂದೂ ಬಿಡಿಸಿ ಕೇಳಿರಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಸಕ್ಕರೆ ಚೀಲ ಇರಬೇಕಾದ ಜಾಗದಲ್ಲಿ ಎರಡೆರಡು ಕಿಲೋದ ಪಾಕೀಟುಗಳು ಒಟ್ಟಿದ್ದವು. ಮಾರ್ಟಿನವು. ಮೊದಲು ತಂದವಳು ಅವ್ವನೇ ಅಂತೆ. ಬಿಲ್ಲು 999 ದಾಟಿದ್ದರಿಂದ ಬಂದ ಸಕ್ಕರೆ ಮನೆಗೆ ಬೇಕಿರಲಿಲ್ಲ; ಚೀಲದ ಮೇಲೆ ಟವೆಲ್ ಹಾಕದೆ ನೇರ ಅಂಗಡಿಗೆ ಒಯ್ದು ಗಲ್ಲಾದ ಮೇಲಿಟ್ಟಳು. ಈಗ ಓಣಿಯ ಬಾಕಿದಾರರಲ್ಲಿ ನಾಲ್ಕೈದು ಮಂದಿ ಹಾಗೆ ತಂದು ಹಾಕುತ್ತಾರೆ. ಕಾಕಾ ಪಾಕೀಟು ಒಡೆದು ಬಿಡಿಯಾಗಿ ತೂಗಿ 41ಕ್ಕೆ ಮಾರುತ್ತಾನೆ, ಬೇಕಾದವರಿಗೆ ಉದ್ರಿಯಲ್ಲಿ. ಅವ್ವನ ಹೆಸರಿನ ಪುಟ ತೆಗೆದು ತೋರಿಸಿದ. ಸಕ್ಕರೆ 2 ಕಿಲೋ, 74 ರೂಪಾಯಿ, ಜಮಾ.